2.45 ಗಿಗಾಹರ್ಟ್ಸ್ ಮೈಕ್ರೋಸ್ಟ್ರಿಪ್ ಆಂಟೆನಾ: ಲೆಕ್ಕ, ತಯಾರಿ ಮತ್ತು ಕಾರ್ಯಕ್ಷಮತೆಯ ಸುಧಾರಣೆ

ಒಂದು ಅವಾಹಕ ಹಲಗೆ, ಅದರ ಎರಡೂ ಬದಿಯಲ್ಲಿ ತಾಮ್ರದ ತೆಳು ಪದರ. ಮೇಲಿನ ತಾಮ್ರವನ್ನು ಲೆಕ್ಕ ಹಾಕಿದ ಅಳತೆಗೆ ಉಳಿಸಿಕೊಂಡು ಮಿಕ್ಕದ್ದನ್ನು ಕರಗಿಸಿದರೆ ಅದು ಪ್ಯಾಚ್, ಕೆಳಗಿನದು ಗ್ರೌಂಡ್ ಪ್ಲೇನ್, ನಡುವಿನ ಹಲಗೆ ಸಬ್‌ಸ್ಟ್ರೇಟ್. ಈ ಕಲ್ಪನೆಯನ್ನು ಡೆಶಾಂಪ್ ಅವರು 1953ರಲ್ಲಿಯೇ ಮುಂದಿಟ್ಟಿದ್ದರು. ಆದರೆ ಕಡಿಮೆ ನಷ್ಟದ ಸಬ್‌ಸ್ಟ್ರೇಟ್‌ಗಳು ದೊರೆಯತೊಡಗಿದ ಮೇಲೆ, 1970ರ ದಶಕದಲ್ಲಿ, ಮನ್ಸನ್ ಮತ್ತು ಹೋವೆಲ್ ಅವರ ಕೆಲಸದಿಂದ ಅದು ಬಳಕೆಗೆ ಬಂತು. ಇಂದು ಎಲೆಕ್ಟ್ರಾನಿಕ್ಸ್ ವಿಭಾಗದ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಬಹುಶಃ ಅತಿ ಹೆಚ್ಚು ಆಯ್ಕೆಯಾಗುವ ಆಂಟೆನಾ ಇದೇ. ಕಾರಣ ಸರಳ: ಪಿಸಿಬಿ (ಮುದ್ರಿತ ಸರ್ಕ್ಯೂಟ್ ಹಲಗೆ) ಮಾಡಬಲ್ಲವರು ಇದನ್ನೂ ಮಾಡಬಲ್ಲರು.

ಈ ಮಾರ್ಗದರ್ಶಿಯಲ್ಲಿ ಒಂದೇ ಆಂಟೆನಾವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟೋಣ. ಸುಲಭವಾಗಿ ಸಿಗುವ ಎಫ್‌ಆರ್4 (ಗಾಜಿನ ನಾರು ಮತ್ತು ಎಪಾಕ್ಸಿಯ ಸಾಮಾನ್ಯ ಪಿಸಿಬಿ) ಹಲಗೆಯ ಮೇಲೆ 2.45 ಗಿಗಾಹರ್ಟ್ಸ್‌ನ ಆಯತಾಕಾರದ ಪ್ಯಾಚ್ ಮಾಡಿ, ಅಳೆದು, ಅದರ ಕೊರತೆ ಎಲ್ಲಿದೆಯೆಂದು ಕಂಡುಕೊಂಡು, ನಂತರ ಸುಧಾರಿಸೋಣ. ಸುಧಾರಣೆ ಎಂಬ ಮಾತನ್ನು ನಾನು ಇಲ್ಲಿ ಬಿಗಿಯಾದ ಅರ್ಥದಲ್ಲಿ ಬಳಸುತ್ತಿದ್ದೇನೆ. ಕೊಟ್ಟ ಶಕ್ತಿಯಲ್ಲಿ ಎಷ್ಟು ಮರಳಿ ಬಂತೆಂದು ತೋರಿಸುವ ರಿಟರ್ನ್ ಲಾಸ್‌ನ (ಎಸ್11) ರೇಖೆ ಆಳವಾಗಿ ಇಳಿದ ಮಾತ್ರಕ್ಕೆ ಆಂಟೆನಾ ಸುಧಾರಿಸಿತು ಎಂದು ಬರೆದ ವರದಿಗಳನ್ನು ಬಹಳ ನೋಡಿದ್ದೇನೆ. ಕೇಬಲ್ಲಿನ ತುದಿಗೆ 50 ಓಮ್‌ನ ರೆಸಿಸ್ಟರ್ ಕಟ್ಟಿದರೆ ಆ ರೇಖೆ ಯಾವ ಆಂಟೆನಾಗಿಂತಲೂ ಚೆನ್ನಾಗಿ ಬರುತ್ತದೆ, ಆದರೆ ಆ ರೆಸಿಸ್ಟರ್ ಏನನ್ನೂ ಪ್ರಸಾರ ಮಾಡುವುದಿಲ್ಲ. ಒಳಗೆ ಹೋದ ಶಕ್ತಿಯಲ್ಲಿ ಎಷ್ಟು ಗಾಳಿಗೆ ಹೊರಟಿತು, ಎಷ್ಟು ಹಲಗೆಯಲ್ಲಿಯೇ ಶಾಖವಾಯಿತು ಎಂಬ ಲೆಕ್ಕವನ್ನು ಉದ್ದಕ್ಕೂ ಕಣ್ಣೆದುರು ಇಟ್ಟುಕೊಳ್ಳಬೇಕು.

ಅಳತೆಗಳ ಲೆಕ್ಕ

ಪ್ಯಾಚ್‌ನ ಉದ್ದವು ಸಬ್‌ಸ್ಟ್ರೇಟ್‌ನೊಳಗಿನ ತರಂಗಾಂತರದ ಸುಮಾರು ಅರ್ಧದಷ್ಟಿದ್ದಾಗ ಅದು ಅನುರಣಿಸುತ್ತದೆ. ಎರಡು ತುದಿಗಳಲ್ಲಿ ವಿದ್ಯುತ್ ಕ್ಷೇತ್ರದ ರೇಖೆಗಳು ತಾಮ್ರದ ಅಂಚನ್ನು ದಾಟಿ ಹೊರಗೆ ಬಾಗುತ್ತವೆ. ವಿಕಿರಣ ಹೊರಡುವುದು ಆ ಬಾಗಿದ ಕ್ಷೇತ್ರದಿಂದಲೇ. ಹೀಗೆ ಬಾಗುವುದರಿಂದ ಪ್ಯಾಚ್ ತನ್ನ ತಾಮ್ರದ ಉದ್ದಕ್ಕಿಂತ ತುಸು ಉದ್ದವಿರುವಂತೆ ವರ್ತಿಸುತ್ತದೆ, ಆದ್ದರಿಂದ ಲೆಕ್ಕದಲ್ಲಿ ಆ ಹೆಚ್ಚುವರಿಯನ್ನು ಕಳೆಯಬೇಕಾಗುತ್ತದೆ.

ನಮ್ಮ ಹಲಗೆಯ ದಪ್ಪ 1.6 ಮಿ.ಮೀ., ಡೈಎಲೆಕ್ಟ್ರಿಕ್ ಸ್ಥಿರಾಂಕ (ಹಲಗೆ ತರಂಗವನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬುದರ ಅಳತೆ) 4.4, ಲಾಸ್ ಟ್ಯಾಂಜೆಂಟ್ (ಹಲಗೆ ಎಷ್ಟು ಶಕ್ತಿಯನ್ನು ಶಾಖವಾಗಿಸುತ್ತದೆ ಎಂಬುದರ ಅಳತೆ) 0.02 ಎಂದಿಟ್ಟುಕೊಳ್ಳೋಣ. ಬೆಳಕಿನ ವೇಗವನ್ನು ಆವೃತ್ತಿಯ ಎರಡು ಪಟ್ಟಿನಿಂದ ಭಾಗಿಸಿದರೆ 61.2 ಮಿ.ಮೀ. ಬರುತ್ತದೆ, ಇದು ಗಾಳಿಯಲ್ಲಿನ ಅರ್ಧ ತರಂಗಾಂತರ. ಪ್ಯಾಚ್‌ನ ಅಗಲಕ್ಕಾಗಿ, 2ನ್ನು ಸ್ಥಿರಾಂಕಕ್ಕೆ 1 ಕೂಡಿಸಿದ ಮೊತ್ತದಿಂದ ಭಾಗಿಸಿ, ಅದರ ವರ್ಗಮೂಲದಿಂದ ಈ 61.2ನ್ನು ಗುಣಿಸಬೇಕು. ಉತ್ತರ 37.3 ಮಿ.ಮೀ.

ಕ್ಷೇತ್ರದ ಒಂದು ಪಾಲು ಗಾಳಿಯಲ್ಲಿರುವುದರಿಂದ ತರಂಗಕ್ಕೆ ಕಾಣುವ ಪರಿಣಾಮಕಾರಿ ಸ್ಥಿರಾಂಕ 4.4ಕ್ಕಿಂತ ಕಡಿಮೆ. ದಪ್ಪದ ಹನ್ನೆರಡು ಪಟ್ಟನ್ನು ಅಗಲದಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ವರ್ಗಮೂಲ ತೆಗೆದು, 1ನ್ನು ಅದರಿಂದ ಭಾಗಿಸಿದರೆ 0.812 ಸಿಗುತ್ತದೆ, ಇದನ್ನು 4.4 ಮತ್ತು 1ರ ವ್ಯತ್ಯಾಸದ ಅರ್ಧದಿಂದ, ಅಂದರೆ 1.7ರಿಂದ ಗುಣಿಸಿ, ಅವೆರಡರ ಮೊತ್ತದ ಅರ್ಧವಾದ 2.7ಕ್ಕೆ ಸೇರಿಸಿದರೆ 4.08. ಈ 4.08ರ ವರ್ಗಮೂಲದಿಂದ 61.2ನ್ನು ಭಾಗಿಸಿದಾಗ ವಿದ್ಯುತ್ ದೃಷ್ಟಿಯ ಉದ್ದ 30.3 ಮಿ.ಮೀ. ಎಂದಾಗುತ್ತದೆ. ಅಂಚಿನ ಬಾಗುವಿಕೆಯಿಂದ ಪ್ರತಿ ತುದಿಗೆ ಸುಮಾರು 0.74 ಮಿ.ಮೀ. ಹೆಚ್ಚಾಗುವುದರಿಂದ ಎರಡೂ ಕಡೆಯದನ್ನು ಕಳೆದರೆ ತಾಮ್ರದ ಉದ್ದ 28.8 ಮಿ.ಮೀ. ಗ್ರೌಂಡ್ ಪ್ಲೇನ್ ಪ್ಯಾಚ್‌ನ ಪ್ರತಿ ಬದಿಗೂ ದಪ್ಪದ ಆರು ಪಟ್ಟಾದರೂ ಚಾಚಿರಲಿ. ನಮಗೆ ಅದು 57 × 48 ಮಿ.ಮೀ. ಆಗುತ್ತದೆ. ಜಾಗವಿದ್ದರೆ ಇನ್ನೂ ದೊಡ್ಡದಾಗಿಯೇ ಇಡಿ.

ಒಂದು ಸಂಖ್ಯೆಯನ್ನು ನೋಟ್‌ಬುಕ್ಕಿನ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಈ ಪ್ಯಾಚ್‌ನ ಉದ್ದದಲ್ಲಿ 0.1 ಮಿ.ಮೀ. ಬದಲಾದರೆ ಅನುರಣನ ಆವೃತ್ತಿ ಸುಮಾರು 8 ಮೆಗಾಹರ್ಟ್ಸ್ ಸರಿಯುತ್ತದೆ. ಮುಂದಿನ ಎಲ್ಲ ತಿದ್ದುಪಡಿಗೂ ಇದೇ ಆಧಾರ.

ಫೀಡ್ ಎಲ್ಲಿ ಕೊಡಬೇಕು

ಪ್ಯಾಚ್‌ಗೆ ಶಕ್ತಿ ಕೊಡುವ ಜೋಡಣೆಯೇ ಫೀಡ್. ಪ್ಯಾಚ್‌ನ ಅಂಚಿನಲ್ಲಿ ರೋಧ ಅತಿ ಹೆಚ್ಚು, ಉದ್ದದ ಮಧ್ಯಬಿಂದುವಿನಲ್ಲಿ ಸೊನ್ನೆ. ಅಂಚಿನಿಂದ ಒಳಕ್ಕೆ ಸರಿದಂತೆ ಅದು ಕೊಸೈನ್ ವರ್ಗದ ನಿಯಮದಂತೆ ಇಳಿಯುತ್ತದೆ. ನಷ್ಟವೇ ಇಲ್ಲದ ಪ್ಯಾಚ್‌ನ ಅಂಚಿನಲ್ಲಿ 300 ಓಮ್ ಆಸುಪಾಸು ಇರುವ ರೋಧ, ಎಫ್‌ಆರ್4ನ ನಷ್ಟ ಸೇರಿದಾಗ ಅರ್ಧದಷ್ಟಾಗುತ್ತದೆ. 150 ಓಮ್ ಎಂದು ಹಿಡಿದರೆ ಕೇಬಲ್ಲಿಗೆ ಹೊಂದಲು ನಮಗೆ ಬೇಕಾದ 50 ಓಮ್ ಅದರ ಮೂರನೇ ಒಂದು ಪಾಲು. ಕೊಸೈನ್ ವರ್ಗ ಮೂರನೇ ಒಂದಾಗುವ ಕೋನ 54.7 ಡಿಗ್ರಿ; ಅದನ್ನು 180ರಿಂದ ಭಾಗಿಸಿ ಉದ್ದದಿಂದ ಗುಣಿಸಿದರೆ ಅಂಚಿನಿಂದ 8.8 ಮಿ.ಮೀ. ಒಳಗೆ ಎಂದು ತಿಳಿಯುತ್ತದೆ. 1.6 ಮಿ.ಮೀ. ಎಫ್‌ಆರ್4 ಮೇಲೆ 50 ಓಮ್ ಲೈನಿನ ಅಗಲ ಸುಮಾರು 3.1 ಮಿ.ಮೀ. ಈ ಲೈನನ್ನು ಪ್ಯಾಚ್‌ನೊಳಗೆ 8.8 ಮಿ.ಮೀ. ತೂರಿಸಿ, ಅದರ ಎರಡೂ ಪಕ್ಕದಲ್ಲಿ 1 ಮಿ.ಮೀ. ಖಾಲಿ ಬಿಡುವುದೇ ಇನ್‌ಸೆಟ್ ಫೀಡ್.

ಸಿಮ್ಯುಲೇಶನ್‌ಗೆ ಎಚ್‌ಎಫ್‌ಎಸ್‌ಎಸ್, ಸಿಎಸ್‌ಟಿ ಅಥವಾ ಉಚಿತವಾಗಿ ದೊರೆಯುವ ಓಪನ್‌ಇಎಂಎಸ್, ಯಾವ ತಂತ್ರಾಂಶವಾದರೂ ಸರಿ. ತಂತ್ರಾಂಶದಲ್ಲಿ ಹಲಗೆಯ ಸುತ್ತ ಬರೆಯುವ ಗಾಳಿಯ ಪೆಟ್ಟಿಗೆಯ ಗೋಡೆ ಹಲಗೆಯ ಅಂಚಿನಿಂದ ಕಾಲು ತರಂಗಾಂತರ, ಅಂದರೆ 31 ಮಿ.ಮೀ. ಆದರೂ ದೂರವಿರಲಿ, ಲಾಸ್ ಟ್ಯಾಂಜೆಂಟ್ ತುಂಬುವುದನ್ನು ಮರೆಯಬೇಡಿ. ಅದನ್ನು ಸೊನ್ನೆ ಬಿಟ್ಟು ಬಂದ ಸುಂದರವಾದ ಗೇನ್ (ಮುಖ್ಯ ದಿಕ್ಕಿಗೆ ಆಂಟೆನಾ ಎಷ್ಟು ಬಲವಾಗಿ ಸೂಸುತ್ತದೆ ಎಂಬುದರ ಅಳತೆ) ಸಂಖ್ಯೆ ನಿಜವಾದ ಹಲಗೆಯಲ್ಲಿ ಎಂದಿಗೂ ಸಿಗುವುದಿಲ್ಲ.

ತಯಾರಿ

ಪಿಸಿಬಿ ತಯಾರಕರಿಗೆ ಫೈಲ್ ಕಳುಹಿಸಿ ಮಾಡಿಸಿಕೊಳ್ಳಬಹುದು, ಆದರೆ ಮೊದಲ ಪ್ಯಾಚನ್ನು ಕೈಯಾರೆ ಮಾಡಿದರೆ ಕಲಿಯುವುದು ಹೆಚ್ಚು. ಚಿತ್ರವನ್ನು ಲೇಸರ್ ಪ್ರಿಂಟರ್‌ನಲ್ಲಿ ಕನ್ನಡಿ ಬಿಂಬವಾಗಿ ಮುದ್ರಿಸಿ, ಇಸ್ತ್ರಿಪೆಟ್ಟಿಗೆಯಿಂದ ತಾಮ್ರಕ್ಕೆ ಅಂಟಿಸಿ. ಕೆಳಗಿನ ಗ್ರೌಂಡ್ ಪೂರ್ತಿಯಾಗಿ ಟೇಪಿನಿಂದ ಮುಚ್ಚಿರಬೇಕು. ಅಂಚಿನಲ್ಲಿ ಸಣ್ಣ ಸಂದಿ ಉಳಿದರೂ ಫೆರಿಕ್ ಕ್ಲೋರೈಡ್ ಒಳನುಗ್ಗಿ ಗ್ರೌಂಡನ್ನು ತಿನ್ನುತ್ತದೆ. ಪ್ಲಾಸ್ಟಿಕ್ ತಟ್ಟೆಯನ್ನೇ ಬಳಸಿ, ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ, ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಹಲಗೆಯನ್ನು ಹೆಚ್ಚು ಹೊತ್ತು ಮುಳುಗಿಸಿಟ್ಟರೆ ಶಾಯಿಯ ಕೆಳಗಿನ ಅಂಚೂ ಸವೆದು ಪ್ಯಾಚ್ ಕಿರಿದಾಗುತ್ತದೆ. ತೊಳೆದು ಒಣಗಿಸಿದ ಮೇಲೆ ವರ್ನಿಯರ್ ಕ್ಯಾಲಿಪರ್‌ನಿಂದ ಉದ್ದವನ್ನು ಮೂರು ಕಡೆ ಅಳೆದು ಬರೆದಿಡಿ.

ತಾಮ್ರವನ್ನು ಕೆರೆದು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಆದ್ದರಿಂದ ಮೊದಲ ಪ್ಯಾಚನ್ನು ಬೇಕೆಂದೇ 29.3 ಮಿ.ಮೀ. ಮಾಡಿ, ಆವೃತ್ತಿ ಸುಮಾರು 40 ಮೆಗಾಹರ್ಟ್ಸ್ ಕೆಳಗೆ ಬರುವಂತೆ ನೋಡಿಕೊಳ್ಳುವುದು ನನ್ನ ರೂಢಿ.

ಕೇಬಲ್ ಜೋಡಿಸುವ ಎಸ್‌ಎಂಎ ಕನೆಕ್ಟರಿನ ಬೆಸುಗೆಯಲ್ಲಿ ಅವಸರ ಸಲ್ಲದು. ನಡುವಿನ ಪಿನ್ ಲೈನಿಗೆ ಚೆನ್ನಾಗಿ ಕೂತಿದ್ದರೂ, ಗ್ರೌಂಡ್ ಕಾಲುಗಳು ಹಲಗೆಯ ಅಂಚಿಗೆ ಒತ್ತಿ ಕೂರದೆ ಒಂದು ಮಿಲಿಮೀಟರಿನಷ್ಟು ದೂರ ನಿಂತಿದ್ದರೆ ಪ್ರವಾಹ ಕೇಬಲ್ಲಿನ ಹೊರಮೈ ಮೇಲೆ ಹರಿದು ಕೇಬಲ್ಲೇ ಆಂಟೆನಾದ ಭಾಗವಾಗುತ್ತದೆ. ಪರೀಕ್ಷೆ ಸುಲಭ: ಅಳೆಯುವಾಗ ಕೇಬಲ್ಲನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಸವರುತ್ತಾ ಪರದೆಯನ್ನು ನೋಡಿ. ರೇಖೆ ಅಲುಗಾಡಿದರೆ ಬೆಸುಗೆ ಕಬ್ಬಿಣವನ್ನು ಮತ್ತೆ ಕಾಯಿಸಿ.

ಅಳೆಯುವುದು ಮತ್ತು ಮೊದಲ ತಿದ್ದುಪಡಿ

ಕಾಲೇಜಿನ ಪ್ರಯೋಗಾಲಯದ ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಇಲ್ಲವೆಂದರೆ 3 ಗಿಗಾಹರ್ಟ್ಸ್‌ವರೆಗೆ ಅಳೆಯುವ ನ್ಯಾನೊವಿಎನ್‌ಎ ವಿ2 ಎಂಬ ಚಿಕ್ಕ ಅನಲೈಸರ್ ಸಾಕು. ಆಂಟೆನಾಗೆ ಜೋಡಿಸುವ ಕೇಬಲ್ಲಿನ ತುದಿಯಲ್ಲಿಯೇ ಓಪನ್, ಶಾರ್ಟ್, ಲೋಡ್ ಎಂಬ ಮೂರು ಮಾದರಿ ತುದಿಗಳನ್ನೂ ಹಾಕಿ ಕ್ಯಾಲಿಬ್ರೇಟ್ ಮಾಡಬೇಕು. ಎಸ್11 ಮೈನಸ್ 10 ಡೆಸಿಬೆಲ್ ಎಂದರೆ ಶೇಕಡಾ 10 ಶಕ್ತಿ ಮರಳಿ ಬಂದಿದೆ ಎಂದರ್ಥ. ಆಂಟೆನಾ ಕೆಲಸ ಮಾಡುವ ಆವೃತ್ತಿಗಳ ಹರವನ್ನು, ಅಂದರೆ ಬ್ಯಾಂಡ್‌ವಿಡ್ತನ್ನು, ಸಾಮಾನ್ಯವಾಗಿ ಈ ಮಟ್ಟದಲ್ಲಿ ಅಳೆಯುತ್ತಾರೆ. ಮೈನಸ್ 20 ಬಂದರೆ ಮರಳುವುದು ಶೇಕಡಾ 1. ಅಲ್ಲಿಂದ ಮೈನಸ್ 40ಕ್ಕೆ ಇಳಿಸಲು ವಾರಗಟ್ಟಲೆ ಕೂತರೂ ಉಳಿಸುವುದು ಆ ಒಂದು ಶೇಕಡಾವನ್ನು ಮಾತ್ರ. ಆ ವಾರವನ್ನು ದಕ್ಷತೆಗೆ ಕೊಡಿ.

ಆವೃತ್ತಿ ಲೆಕ್ಕದಂತೆ ಬರದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ಹಲಗೆಯ ಸ್ಥಿರಾಂಕವನ್ನು. ಎಫ್‌ಆರ್4ನಲ್ಲಿ ಅದು ತಯಾರಕರಿಂದ ತಯಾರಕರಿಗೆ, ಒಮ್ಮೊಮ್ಮೆ ಹಾಳೆಯಿಂದ ಹಾಳೆಗೆ ವ್ಯತ್ಯಾಸವಾಗುತ್ತದೆ. ಸ್ಥಿರಾಂಕ 4.4ರ ಬದಲು 4.2 ಇದ್ದರೆ ನಮ್ಮ ಆಂಟೆನಾ 2.45ರ ಬದಲು ಸುಮಾರು 2.51 ಗಿಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಇದನ್ನು ದೋಷವೆಂದು ಬಗೆಯದೆ ಅಳತೆಯಾಗಿ ಬಳಸಿಕೊಳ್ಳಿ: ಬಂದ ಆವೃತ್ತಿ ಮತ್ತು ಕ್ಯಾಲಿಪರ್‌ನ ಉದ್ದ ಎರಡನ್ನೂ ಇಟ್ಟುಕೊಂಡು ಲೆಕ್ಕವನ್ನು ಕೊನೆಯಿಂದ ಮೊದಲಿಗೆ ನಡೆಸಿದರೆ ನಿಮ್ಮ ಕೈಲಿರುವ ಹಾಳೆಯ ನಿಜವಾದ ಸ್ಥಿರಾಂಕ ಗೊತ್ತಾಗುತ್ತದೆ. ಅದೇ ಹಾಳೆಯಿಂದ ಕತ್ತರಿಸಿದ ಎರಡನೇ ಆಂಟೆನಾ ಬಹುಮಟ್ಟಿಗೆ ಗುರಿಗೆ ಬರುತ್ತದೆ.

ಶಕ್ತಿ ಎಲ್ಲಿ ಹೋಗುತ್ತಿದೆ

ಈಗ ಮುಖ್ಯ ವಿಷಯ. ಅನುರಣಕದ ಗುಣಾಂಕವನ್ನು ಕ್ಯೂ ಎನ್ನುತ್ತೇವೆ. ಶಕ್ತಿ ಹೊರಹೋಗುವ ಪ್ರತಿಯೊಂದು ದಾರಿಗೂ ತನ್ನದೇ ಕ್ಯೂ ಇದೆ, ಆ ಕ್ಯೂ ಕಡಿಮೆಯಾದಷ್ಟೂ ಆ ದಾರಿಯಲ್ಲಿ ಹೋಗುವ ಪಾಲು ಹೆಚ್ಚು. ನಮ್ಮ ಅಳತೆಗಳಿಗೆ ವಿಕಿರಣದ ಕ್ಯೂ ಅಂದಾಜು 63. ಹಲಗೆಯ ನಷ್ಟದ ಕ್ಯೂ ಲಾಸ್ ಟ್ಯಾಂಜೆಂಟ್‌ನ ವಿಲೋಮ, ಅಂದರೆ 50. ತಾಮ್ರದ ನಷ್ಟ ಇವೆರಡರ ಮುಂದೆ ಚಿಕ್ಕದು: 2.45 ಗಿಗಾಹರ್ಟ್ಸ್‌ನಲ್ಲಿ ಪ್ರವಾಹ ಹರಿಯುವುದು ಮೇಲ್ಮೈಯ ಸುಮಾರು 1.3 ಮೈಕ್ರಾನ್ ಆಳದಲ್ಲಿ, ಸಾಮಾನ್ಯ ಹಲಗೆಯ ತಾಮ್ರವೋ 35 ಮೈಕ್ರಾನ್ ದಪ್ಪ. 63 ಮತ್ತು 50ನ್ನು ಸಮಾಂತರ ರೋಧಗಳಂತೆ ಕೂಡಿಸಿದರೆ ಒಟ್ಟು ಕ್ಯೂ 28 ಬರುತ್ತದೆ. ದಕ್ಷತೆ ಎಂದರೆ 28ನ್ನು 63ರಿಂದ ಭಾಗಿಸಿದ್ದು: ಶೇಕಡಾ 44. ಒಳಗೆ ಕೊಟ್ಟ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಹಲಗೆಯನ್ನು ಬಿಸಿ ಮಾಡುತ್ತಿದೆ.

ಬ್ಯಾಂಡ್‌ವಿಡ್ತ್ ಸುಮಾರು 0.707ನ್ನು ಕ್ಯೂನಿಂದ ಭಾಗಿಸಿದಷ್ಟು. ಕ್ಯೂ 28 ಆದಾಗ ಅದು ಶೇಕಡಾ 2.5, ಅಂದರೆ 60 ಮೆಗಾಹರ್ಟ್ಸ್ ಚಿಲ್ಲರೆ. ಹಲಗೆಯಲ್ಲಿ ನಷ್ಟವೇ ಇಲ್ಲದಿದ್ದರೆ ಬ್ಯಾಂಡ್‌ವಿಡ್ತ್ ಬರೀ ಶೇಕಡಾ 1.1 ಇರುತ್ತಿತ್ತು! ಅಂದರೆ ನಾವು ಅಳೆದ ಬ್ಯಾಂಡ್‌ವಿಡ್ತ್‌ನ ಅರ್ಧಕ್ಕೂ ಹೆಚ್ಚು ಪಾಲನ್ನು ದಕ್ಷತೆ ಕಳೆದುಕೊಂಡು ಕೊಂಡಂತಾಗಿದೆ. ಗೇನ್ 6 ಡಿಬಿಐ (ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಆದರ್ಶ ಆಂಟೆನಾಗೆ ಹೋಲಿಸಿದ ಡೆಸಿಬೆಲ್) ದಾಟಬಹುದಾಗಿದ್ದ ಪ್ಯಾಚ್ ಎಫ್‌ಆರ್4 ಮೇಲೆ 2.5ರಿಂದ 3 ಡಿಬಿಐಗೆ ನಿಲ್ಲುವುದು ಇದರಿಂದಲೇ. ಎಸ್11 ರೇಖೆಯಲ್ಲಿ ಇದರ ಸುಳಿವೂ ಕಾಣುವುದಿಲ್ಲ.

ಇಷ್ಟೆಲ್ಲ ಕೊಟ್ಟ ಮೇಲೂ ವೈಫೈಗೆ ಇದು ಸಾಲದು. 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ 83.5 ಮೆಗಾಹರ್ಟ್ಸ್ ಬೇಕು.

ಸುಧಾರಣೆಯ ದಾರಿಗಳು

ಮೊದಲ ಆಯ್ಕೆ ದಪ್ಪ. ದಪ್ಪ ಹೆಚ್ಚಿದಂತೆ ವಿಕಿರಣದ ಕ್ಯೂ ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಹಲಗೆಯ ಕ್ಯೂ ಇದ್ದಲ್ಲೇ ಇರುತ್ತದೆ. ಒಂದೇ ಬದಿಯಲ್ಲಿ ತಾಮ್ರವಿರುವ ಎರಡು ಎಫ್‌ಆರ್4 ಹಲಗೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದರೆ 3.2 ಮಿ.ಮೀ. ಆಯಿತು: ವಿಕಿರಣದ ಕ್ಯೂ 31ರ ಹತ್ತಿರ, ಒಟ್ಟು ಕ್ಯೂ 19, ಬ್ಯಾಂಡ್‌ವಿಡ್ತ್ ಶೇಕಡಾ 3.7, ಅಂದರೆ ಸುಮಾರು 90 ಮೆಗಾಹರ್ಟ್ಸ್, ದಕ್ಷತೆ ಶೇಕಡಾ 60ರ ಆಸುಪಾಸು. ಎರಡೂ ಒಟ್ಟಿಗೆ ಏರಿದವು, ಯಾವುದನ್ನೂ ಬಲಿ ಕೊಡಲಿಲ್ಲ. ನಾನು ಸುಧಾರಣೆ ಎನ್ನುವುದು ಇದಕ್ಕೆ. ಮೇಲ್ಮೈ ತರಂಗಗಳಾಗಿ ಹಲಗೆಯ ಅಂಚಿಗೆ ಹರಿಯುವ ಪಾಲು ದಪ್ಪದೊಡನೆ ಹೆಚ್ಚುವುದರಿಂದ ನಿಜದ ಸಂಖ್ಯೆ ತುಸು ಕಡಿಮೆ ಬರಬಹುದು, ಆದರೂ ದಿಕ್ಕು ಸರಿಯಾಗಿದೆ. ಉದ್ದವನ್ನು 28.1 ಮಿ.ಮೀ.ಗೆ ತಿದ್ದಿ, 50 ಓಮ್ ಲೈನ್ ಇಲ್ಲಿ 6 ಮಿ.ಮೀ. ಅಗಲವಾಗುವುದರಿಂದ ಅದನ್ನು ಬಿಟ್ಟು, ಗ್ರೌಂಡ್ ಕಡೆಯಿಂದ ರಂಧ್ರ ಕೊರೆದು ಎಸ್‌ಎಂಎ ಪಿನ್ನನ್ನು ನೇರವಾಗಿ ಪ್ಯಾಚ್‌ಗೆ ಬೆಸೆಯಿರಿ.

ಎರಡು ಹಲಗೆಗಳ ನಡುವೆ ಗಾಳಿ ಉಳಿಯದಂತೆ ನೋಡಿಕೊಳ್ಳುವುದು ಇಲ್ಲಿನ ಸೂಕ್ಷ್ಮ. ಹಾಳೆಯಷ್ಟು ತೆಳುವಾದ 0.1 ಮಿ.ಮೀ. ಗಾಳಿಯ ಪದರ ಉಳಿದರೂ ಪರಿಣಾಮಕಾರಿ ಸ್ಥಿರಾಂಕ ಬಿದ್ದು ಆವೃತ್ತಿ 100 ಮೆಗಾಹರ್ಟ್ಸ್‌ಗೂ ಹೆಚ್ಚು ಮೇಲೇರುತ್ತದೆ. ಮೈಯನ್ನು ಸ್ಪಿರಿಟ್‌ನಿಂದ ಒರೆಸಿ, ಎಪಾಕ್ಸಿಯನ್ನು ತೆಳುವಾಗಿ ಎಳೆದು, ರಾತ್ರಿಯಿಡೀ ಭಾರ ಹೇರಿಡಿ. ನಾಲ್ಕು ಮೂಲೆಗೆ ನೈಲಾನ್ ಸ್ಕ್ರೂ ಹಾಕಿದರೆ ಇನ್ನೂ ಒಳ್ಳೆಯದು. ಲೋಹದ ಸ್ಕ್ರೂ ಬೇಡ.

ಎರಡನೆಯದು ಹಲಗೆಯನ್ನೇ ಬದಲಾಯಿಸುವುದು. ಆರ್‌ಟಿ ಡ್ಯುರಾಯ್ಡ್ 5880ರ ಸ್ಥಿರಾಂಕ 2.2, ಲಾಸ್ ಟ್ಯಾಂಜೆಂಟ್ 0.0009, ಹಲಗೆಯ ಕ್ಯೂ ಸಾವಿರ ದಾಟುತ್ತದೆ, ನಷ್ಟ ಬಹುತೇಕ ಇಲ್ಲವಾಗುತ್ತದೆ. ಅದೇ 2.45 ಗಿಗಾಹರ್ಟ್ಸ್‌ಗೆ ಪ್ಯಾಚ್ 48 × 40.5 ಮಿ.ಮೀ.ಗೆ ಬೆಳೆಯುತ್ತದೆ ಮತ್ತು ಹಾಳೆ ಬಹಳ ದುಬಾರಿ. ಹಣವಿಲ್ಲದಿದ್ದರೆ ಗಾಳಿಗಿಂತ ಒಳ್ಳೆಯ ಸಬ್‌ಸ್ಟ್ರೇಟ್ ಇಲ್ಲ. ತೆಳು ತಾಮ್ರದ ತಗಡನ್ನು ಗ್ರೌಂಡ್‌ನಿಂದ ಐದಾರು ಮಿಲಿಮೀಟರ್ ಎತ್ತರದಲ್ಲಿ ನೈಲಾನ್ ಸ್ಪೇಸರ್‌ಗಳ ಮೇಲೆ ನಿಲ್ಲಿಸಿದರೆ ಗೇನ್ 9 ಡಿಬಿಐವರೆಗೂ ಸಿಗುತ್ತದೆ. ಬೆಲೆಯನ್ನು ಗಾತ್ರದಲ್ಲಿ ತೆರಬೇಕು.

ದಪ್ಪವನ್ನು ಇನ್ನೂ ಹೆಚ್ಚಿಸುತ್ತಾ ಹೋದರೆ ಉದ್ದನೆಯ ಪಿನ್ ಒಂದು ಇಂಡಕ್ಟರಿನಂತೆ ವರ್ತಿಸಿ ಹೊಂದಾಣಿಕೆ ಕೆಡುತ್ತದೆ. ಹ್ಯೂನ್ ಮತ್ತು ಲೀ ಅವರು 1995ರಲ್ಲಿ ತೋರಿಸಿದ ಯು-ಸ್ಲಾಟ್ ಇದಕ್ಕೆ ಸೊಗಸಾದ ಪರಿಹಾರ: ಪ್ಯಾಚ್‌ನಲ್ಲಿ ಇಂಗ್ಲಿಷಿನ ಯು ಅಕ್ಷರದಂತೆ ಕೊರೆದ ಸೀಳು ಪಿನ್ನಿನ ಇಂಡಕ್ಟೆನ್ಸನ್ನು ಸರಿದೂಗಿಸುವ ಕೆಪಾಸಿಟೆನ್ಸ್ ಕೊಡುತ್ತದೆ, ಜೊತೆಗೆ ಎರಡನೆಯ ಅನುರಣನವನ್ನು ಪಕ್ಕದಲ್ಲಿ ತಂದು ಕೂರಿಸುತ್ತದೆ. ಆದರೆ ಇದು ಫಲ ಕೊಡುವುದು ಗಾಳಿ ಅಥವಾ ಫೋಮಿನಂಥ ದಪ್ಪ, ಹಗುರ ಪದರದ ಮೇಲೆ, 1.6 ಮಿ.ಮೀ. ಎಫ್‌ಆರ್4 ಮೇಲೆ ಯು ಕೊರೆದು ಅದೇ ಫಲ ಬಯಸುವುದು ವ್ಯರ್ಥ. ಎತ್ತರಕ್ಕೆ ಜಾಗವಿಲ್ಲದಿದ್ದರೆ, ಗಿರೀಶ್ ಕುಮಾರ್ ಮತ್ತು ಕೆ.ಸಿ. ಗುಪ್ತಾ ಅವರು 1984ರಲ್ಲಿ ವಿವರಿಸಿದಂತೆ ಮುಖ್ಯ ಪ್ಯಾಚ್‌ನ ಪಕ್ಕದಲ್ಲಿ ಸಣ್ಣ ಸಂದಿ ಬಿಟ್ಟು, ತುಸು ಬೇರೆ ಉದ್ದದ ಇನ್ನೊಂದು ಪ್ಯಾಚ್ ಇಡಬಹುದು. ಅದಕ್ಕೆ ಫೀಡ್ ಬೇಡ. ಸಂದಿಯ ಮೂಲಕವೇ ಶಕ್ತಿ ದಾಟುತ್ತದೆ. ಪೋಜರ್ ಅವರು 1985ರಲ್ಲಿ ತಂದ ರಂಧ್ರದ ಮೂಲಕದ ಜೋಡಣೆಯಲ್ಲಿ ಫೀಡ್ ಲೈನ್ ಗ್ರೌಂಡ್‌ನ ಕೆಳಗಿದ್ದು, ಗ್ರೌಂಡ್‌ನಲ್ಲಿ ಕೊರೆದ ಸೀಳಿನಿಂದ ಪ್ಯಾಚ್‌ಗೆ ಶಕ್ತಿ ಮುಟ್ಟುತ್ತದೆ. ಫೀಡಿಗೊಂದು ಹಲಗೆ, ಪ್ಯಾಚ್‌ಗೊಂದು ಹಲಗೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಅದರ ದೊಡ್ಡ ಲಾಭ.

ಗ್ರೌಂಡ್ ಪ್ಲೇನನ್ನು ಕತ್ತರಿಸಿ ಬ್ಯಾಂಡ್‌ವಿಡ್ತ್ ಹೆಚ್ಚಿಸಿದೆವೆಂದು ಹೇಳುವ ವಿನ್ಯಾಸಗಳ ಬಗ್ಗೆ ಎಚ್ಚರವಿರಲಿ. ಪ್ಯಾಚ್‌ನ ಕೆಳಗಿನ ಗ್ರೌಂಡ್ ತೆಗೆದುಬಿಟ್ಟರೆ ಅದು ಮುದ್ರಿತ ಮೊನೊಪೋಲ್ ಆಗುತ್ತದೆ. ಅದು ಉಪಯುಕ್ತ ಆಂಟೆನಾವೇ, ಆದರೆ ಹಿಂದಕ್ಕೂ ಅಷ್ಟೇ ವಿಕಿರಣ ಸೂಸುತ್ತದೆ. ಒಂದೇ ದಿಕ್ಕಿಗೆ ನೋಡುವ ಪ್ಯಾಚ್‌ನೊಡನೆ ಅದನ್ನು ಹೋಲಿಸುವುದು ನ್ಯಾಯವಲ್ಲ.

ವೃತ್ತೀಯ ಧ್ರುವೀಕರಣ (ವಿದ್ಯುತ್ ಕ್ಷೇತ್ರದ ದಿಕ್ಕು ಸುತ್ತುತ್ತಾ ಸಾಗುವುದು) ಬೇಕಾದವರಿಗೆ, ಉದಾಹರಣೆಗೆ ಇಸ್ರೊದ ನಾವಿಕ್ ಉಪಗ್ರಹ ಪಥದರ್ಶನ ವ್ಯವಸ್ಥೆಯ 2492.028 ಮೆಗಾಹರ್ಟ್ಸ್ ಸಂಕೇತ ಹಿಡಿಯುವವರಿಗೆ, ಚೌಕ ಪ್ಯಾಚ್‌ನ ಎದುರುಬದುರಿನ ಎರಡು ಮೂಲೆಗಳನ್ನು ಕತ್ತರಿಸುವುದು ಸುಲಭದ ದಾರಿ. ಕತ್ತರಿಸುವ ಒಟ್ಟು ವಿಸ್ತೀರ್ಣ ಪ್ಯಾಚ್‌ನ ವಿಸ್ತೀರ್ಣವನ್ನು ಕ್ಯೂನ ಎರಡು ಪಟ್ಟಿನಿಂದ ಭಾಗಿಸಿದಷ್ಟು. 1.6 ಮಿ.ಮೀ. ಎಫ್‌ಆರ್4 ಮೇಲಿನ 28 ಮಿ.ಮೀ. ಚೌಕಕ್ಕೆ ಪ್ರತಿ ಮೂಲೆಯಲ್ಲಿ ಸುಮಾರು 3.7 ಮಿ.ಮೀ. ಬಾಹುವಿನ ತ್ರಿಕೋನ.

ಅನೇಕ ಪ್ಯಾಚ್‌ಗಳ ಸಾಲು ಕಟ್ಟಿದರೆ ಪ್ರತಿ ಸಲ ಸಂಖ್ಯೆ ಇಮ್ಮಡಿಯಾದಾಗ ಗೇನ್ 3 ಡೆಸಿಬೆಲ್ ಏರಬೇಕು. ಎಫ್‌ಆರ್4 ಮೇಲೆ 10 ಸೆಂ.ಮೀ. ಲೈನ್ ಹಲಗೆಯ ನಷ್ಟವೊಂದರಿಂದಲೇ ಮುಕ್ಕಾಲು ಡೆಸಿಬೆಲ್ ತಿನ್ನುವುದರಿಂದ ನಾಲ್ಕು ಪ್ಯಾಚ್‌ಗಳ ನಂತರ ಆ ಹಲಗೆಯ ಮೇಲೆ ಮುಂದುವರಿಯಲು ನಾನು ಸಲಹೆ ಕೊಡುವುದಿಲ್ಲ.

ಗೇನ್ ಅಳೆದು ನೋಡುವುದು

ಅನೆಕೊಯಿಕ್ (ಪ್ರತಿಫಲನವಿಲ್ಲದ) ಕೋಣೆ ಇಲ್ಲವೆಂದು ಗೇನ್ ಅಳೆಯುವುದನ್ನು ಬಿಡಬೇಕಾಗಿಲ್ಲ. ಒಂದೇ ವಿನ್ಯಾಸದ ಎರಡು ಆಂಟೆನಾ ಮಾಡಿ. ತೆರೆದ ಮೈದಾನದಲ್ಲಿ ಅಥವಾ ತಾರಸಿಯ ಮೇಲೆ, ಎದೆಯೆತ್ತರದ ಮರದ ಸ್ಟ್ಯಾಂಡುಗಳ ಮೇಲೆ, ಪ್ಯಾಚ್‌ಗಳು ಎದುರುಬದುರಾಗಿ, ಒಂದೇ ಧ್ರುವೀಕರಣದಲ್ಲಿ, ಸರಿಯಾಗಿ 1 ಮೀಟರ್ ದೂರ ನಿಲ್ಲಿಸಿ. ಅನಲೈಸರಿನ ಎರಡೂ ಪೋರ್ಟ್‌ಗಳಿಗೆ ಕೇಬಲ್ ಜೋಡಿಸಿ, ಆ ಕೇಬಲ್ಲುಗಳ ತುದಿಗಳನ್ನು ಒಂದಕ್ಕೊಂದು ಕೂಡಿಸಿ ಥ್ರೂ ಕ್ಯಾಲಿಬ್ರೇಶನ್ ಮಾಡಿದ ಮೇಲೆ ಎಸ್21 (ಒಂದು ಆಂಟೆನಾದಿಂದ ಇನ್ನೊಂದಕ್ಕೆ ಎಷ್ಟು ಶಕ್ತಿ ತಲುಪಿತು ಎಂಬುದರ ಅಳತೆ) ಓದಬೇಕು. 1 ಮೀಟರ್ ದೂರಕ್ಕೆ 2.45 ಗಿಗಾಹರ್ಟ್ಸ್‌ನಲ್ಲಿ ಮುಕ್ತ ಆಕಾಶದ ನಷ್ಟ 40.2 ಡೆಸಿಬೆಲ್. ಓದಿದ ಸಂಖ್ಯೆಗೆ 40.2 ಕೂಡಿಸಿ ಎರಡರಿಂದ ಭಾಗಿಸಿದರೆ ಒಂದು ಆಂಟೆನಾದ ಗೇನ್. ಎಸ್21 ಮೈನಸ್ 35 ಎಂದು ಬಂದರೆ ಉತ್ತರ 2.6 ಡಿಬಿಐ. ದೂರವನ್ನು ಹತ್ತಿಪ್ಪತ್ತು ಸೆಂಟಿಮೀಟರ್ ಹಿಂದೆಮುಂದೆ ಮಾಡಿ ಮತ್ತೆ ಅಳೆಯಿರಿ; ಆಯಾ ದೂರದ ನಷ್ಟವನ್ನು ಹಾಕಿ ಬಂದ ಗೇನ್ ಒಂದೊಂದು ಸಲ ಒಂದೊಂದು ಬಂದರೆ ನೆಲ ಅಥವಾ ಗೋಡೆಯಿಂದ ಪ್ರತಿಫಲನ ಸೇರಿಕೊಂಡಿದೆ ಎಂದರ್ಥ, ಜಾಗ ಬದಲಿಸಬೇಕು.

1.6 ಮಿ.ಮೀ. ಜೋಡಿಯನ್ನು ಇಳಿಸಿ, ಸ್ಟ್ಯಾಂಡುಗಳನ್ನು ಕದಲಿಸದೆ, 3.2 ಮಿ.ಮೀ. ಜೋಡಿಯನ್ನು ಅಲ್ಲಿಯೇ ಏರಿಸಿ. ದಕ್ಷತೆ ಶೇಕಡಾ 44ರಿಂದ 60ರ ಹತ್ತಿರಕ್ಕೆ ಬಂದಿದ್ದರೆ ಪ್ರತಿ ಆಂಟೆನಾಗೆ 1.4 ಡೆಸಿಬೆಲ್, ಎರಡಕ್ಕೂ ಸೇರಿ ಎಸ್21 ಮೈನಸ್ 35ರಿಂದ ಮೈನಸ್ 32ರ ಆಸುಪಾಸಿಗೆ ಏರಬೇಕು. ಎಸ್11ನ ಎರಡು ರೇಖೆಗಳ ಪಕ್ಕದಲ್ಲಿ ಈ ಎರಡು ಸಂಖ್ಯೆಗಳನ್ನೂ ವರದಿಯ ಅದೇ ಪುಟದಲ್ಲಿ ಬರೆಯಿರಿ.